ಮೂರು ಮಡಿಕೆಯ ಲೆಕ್ಕ

ಮೋಟಾರ್‌ಸೈಕಲ್ಲಿನ ಚೀಲ ಅಂದರೆ ಬಹಳ ಜನರ ಕಣ್ಣಿಗೆ ಕಟ್ಟುವುದು ಚರ್ಮದ ಚೀಲ. ಸೀಟಿನ ಎರಡೂ ಬದಿಗೆ ಇಳಿಬಿದ್ದ, ಹಿತ್ತಾಳೆಯ ಬಕಲ್ ಹಾಕಿದ, ಹಳತಾದಷ್ಟೂ ಮೆರುಗೇರುವ ಕಂದು ಜೋಡಿ. ನಮ್ಮ ಮನೆಯಲ್ಲಿ ಅದು ಹೊಸ್ತಿಲು ದಾಟುವಂತಿಲ್ಲ. ನಾವು ಚಿಕ್ಕೋಡಿ ಸೀಮೆಯ ದಿಗಂಬರ ಜೈನರು. ಬೆಲ್ಟು, ಪಾಕೀಟು ಎಲ್ಲ ರೆಗ್ಜಿನ್ನಿನವು, ಬಸದಿಗೆ ಹೊರಟಾಗ ಕೈಗಡಿಯಾರದ ಪಟ್ಟಿಯನ್ನೂ ಒಮ್ಮೆ ತಿರುವಿ ನೋಡಿಕೊಳ್ಳುವವರು. ಹಾಗಾಗಿ ನನ್ನ ಸ್ಪ್ಲೆಂಡರಿಗೆ ಒಂದು ಹಸುಬೆ ಬೇಕು ಅನ್ನಿಸಿದಾಗ ಉಳಿದದ್ದು ಬಟ್ಟೆಯೊಂದೇ. ಪೇಟೆಯಲ್ಲಿ ನೈಲಾನ್ ಚೀಲಗಳು ಸಿಗುತ್ತವೆ, ಸಿಗುವುದಿಲ್ಲ ಅಂತಲ್ಲ. ಒಳ್ಳೆಯ ಜೋಡಿಗೆ ಹತ್ತಾರು ಸಾವಿರ. ಅಷ್ಟು ದುಡ್ಡಿನ ಚೀಲವನ್ನು ನನ್ನ ಗಾಡಿಯ ಮೇಲೆ ಹಾಕಿದರೆ ಕಳ್ಳ ಗಾಡಿ ಬಿಟ್ಟು ಚೀಲ ಒಯ್ದಾನು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ರಜೆ ಬಿದ್ದರೆ ಡೇರೆ ಕಟ್ಟಿಕೊಂಡು ಹೊರಡುವುದು ನನ್ನ ಚಟ. ಕಾಡಿನೊಳಗೆ ಹಾಗೆಲ್ಲ ಡೇರೆ ಹೊಡೆಯಲು ಬಿಡುವುದಿಲ್ಲ, ಬಿಡಬಾರದು ಕೂಡ. ಯಾರದಾದರೂ ಹೊಲ, ಗುಡಿಯ ಅಂಗಳ, ಶಾಲೆಯ ಮೈದಾನ, ಕೇಳಿಕೊಂಡು ಇಳಿಯುತ್ತೇನೆ. ಜೈನನೊಬ್ಬನ ಡೇರೆವಾಸ ಉಳಿದವರಿಗಿಂತ ಸ್ವಲ್ಪ ಬೇರೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಅಂದರೆ ಚಳಿಗಾಲದಲ್ಲಿ ಐದಕ್ಕೆಲ್ಲ ಒಲೆ ಹಚ್ಚಿರಬೇಕು. ಉಳ್ಳಾಗಡ್ಡಿ, ಬಟಾಟಿ ಇಲ್ಲ. ನೀರು ಸೋಸಲು ಎರಡು ಪದರದ ಬಟ್ಟೆ ಬೇಕು. ರಾತ್ರಿ ಬೆಂಕಿ ಹಾಕಿಕೊಂಡು ಕೂಡುವ ಸುಖ ಇಲ್ಲ, ಹುಳಹುಪ್ಪಡಿ ಬಂದು ಬೀಳುತ್ತವೆ. ಕತ್ತಲಾದ ಮೇಲೆ ಮಲಗುವುದೊಂದೇ ಕೆಲಸ. ಇಷ್ಟೆಲ್ಲ ಬೇಡಗಳ ನಡುವೆ ಹೊತ್ತೊಯ್ಯುವ ಸಾಮಾನು ಕಡಿಮೆ ಆಗಬೇಕಲ್ಲವೆ? ಆಗಲಿಲ್ಲ. ಆಗದೆ ಇದ್ದದ್ದರಿಂದಲೇ ಪರಿಗ್ರಹದ, ಅಂದರೆ ವಸ್ತುಗಳನ್ನು ಕೂಡಿಟ್ಟುಕೊಳ್ಳುವುದರ ಪ್ರಶ್ನೆ ನನಗೆ ಪುಸ್ತಕದಿಂದ ಇಳಿದು ಸೀಟಿನ ಮೇಲೆ ಬಂದು ಕುಂತಿತು. ಪರಿಗ್ರಹ ಇರುವುದು ವಸ್ತುವಿನಲ್ಲೋ, ವಸ್ತುವನ್ನು ಹಿಡಿದ ಮನಸ್ಸಿನಲ್ಲೋ? ನಮ್ಮವರು ಸಾವಿರದೈನೂರು ವರ್ಷಗಳಿಗೂ ಮಿಕ್ಕಿ ಜಗಳಾಡಿದ ಪ್ರಶ್ನೆ ಇದು.

ಮೊದಲು ಚೀಲದ ಮಾತು ಮುಗಿಸುತ್ತೇನೆ. ಬಟ್ಟೆ ತಂದದ್ದು ಇಚಲಕರಂಜಿಯಿಂದ, ದಪ್ಪ ಹತ್ತಿ ಕ್ಯಾನ್ವಾಸು. ನೈಲಾನಿನ ಲೆಕ್ಕ ಡೆನಿಯರ್‌ನಲ್ಲಿ ನಡೆಯುತ್ತದೆ: 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಪ್ರವಾಸದ ಚೀಲಗಳಿಗೆ ಹೊಗಳುವ ಸಾವಿರ ಡೆನಿಯರ್ ನೂಲೆಂದರೆ ಒಂಬತ್ತು ಕಿಲೋಮೀಟರ್ ಎಳೆ ಸೇರಿ ಒಂದು ಕಿಲೋ. ಮಕ್ಕಳಿಗೆ ಅನುಪಾತ ಕಲಿಸಲು ಚಲೋ ಉದಾಹರಣೆ. ಆದರೆ ನಾನು ಹತ್ತಿಯನ್ನೇ ಆರಿಸಿದ್ದಕ್ಕೆ ಎರಡು ಕಾರಣ. ಹತ್ತಿಯ ಎಳೆ ನೀರು ಕುಡಿದು ಉಬ್ಬುತ್ತದೆ, ನೇಯ್ಗೆಯ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಇನ್ನೊಂದು, ಬಲಗಡೆ ಸೈಲೆನ್ಸರ್ ಇದೆ. ನೈಲಾನ್ ಅದಕ್ಕೆ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ. ಹತ್ತಿ ಕರಕಾಗುತ್ತದೆ, ಕರಗುವುದಿಲ್ಲ. ಕರಕು ವಾಸನೆ ಮೂಗಿಗೆ ಬಡಿದು ಗಾಡಿ ನಿಲ್ಲಿಸುವಷ್ಟು ಹೊತ್ತು ಸಿಗುತ್ತದೆ. ಎಡಗಡೆ ಸೀರೆ ಗಾರ್ಡ್ ಇರುವುದರಿಂದ ಚೀಲ ಗಾಲಿಗೆ ಸಿಗುವ ಭಯ ಇಲ್ಲ. ಬಲಗಡೆಗೆ ಮಾತ್ರ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸರಳು ಬಗ್ಗಿಸಿ ಆಧಾರ ಕೊಡಿಸಿದೆ.

ಕ್ಯಾನ್ವಾಸಿಗೆ ಮೇಣ ತಿಕ್ಕಬೇಕು. ಬಲ್ಲವರು ಹೇಳುವುದು ಜೇನುಮೇಣ ಮತ್ತು ಪ್ಯಾರಾಫಿನ್ ಕೂಡಿಸಿ ಅಂತ. ಜೇನೇ ಮುಟ್ಟದವರು ಜೇನುಮೇಣ ಮುಟ್ಟುತ್ತೇವೆಯೆ? ಬರೀ ಮೇಣಬತ್ತಿ ತಿಕ್ಕಿ, ಮೇಲೆ ವೃತ್ತಪತ್ರಿಕೆ ಹಾಸಿ ಇಸ್ತ್ರಿ ಓಡಿಸಿದೆ. ಇದರ ಫಲ ಏಪ್ರಿಲಿನಲ್ಲಿ ಗೊತ್ತಾಗುತ್ತದೆ. ನಮ್ಮ ಕಡೆಯ ಬಿಸಿಲಿಗೆ ಮೇಣ ಮೆತ್ತಗಾಗಿ ದಾರಿಯ ಕೆಂಧೂಳೆಲ್ಲ ಚೀಲಕ್ಕೆ ಮೆತ್ತಿಕೊಂಡು, ಬೂದು ಬಣ್ಣದ ಚೀಲ ಕಾವಿ ಉಟ್ಟಂತೆ ಕಾಣುತ್ತದೆ.

ಹೊಲಿಗೆಗೆ ಮನೆಯಲ್ಲಿ ಕಾಲ್ಮಷಿನ್ ಇದೆ, ನನ್ನ ಹೆಂಡತಿಯದು. "ಇದು ಜಂಪರ ಹೊಲಿಯೂ ಮಷಿನ್ ಐತ್ರೀ, ಇದರ ಮ್ಯಾಲ ತಾಡಪತ್ರಿ ಹೊಲಿದ್ರ ಸೂಜಿ ಮುರೀತೈತಿ" ಅಂದಳು. ಹದಿನೆಂಟನೇ ನಂಬರಿನ ಸೂಜಿ ಹಾಕಿ, ಗಾಲಿಯನ್ನು ಕೈಯಿಂದ ತಿರುಗಿಸುತ್ತ ಎರಡು ಪದರ ಹೊಲಿಯಬಹುದು ಅಂತ ತೋರಿಸಿದವಳೂ ಅವಳೇ. ನೆಟ್ಟಗಿನ ಹೊಲಿಗೆ ನನ್ನದು, ಮೂಲೆಗಳೆಲ್ಲ ಅವಳವು. ಪಟ್ಟಿಗಳು ಕೂಡುವಲ್ಲಿ ನಾಲ್ಕೈದು ಪದರ ಆಗುತ್ತದೆ. ಅದಕ್ಕೆ ನಿಪ್ಪಾಣಿಯ ಸೀಟ್ ಕವರ್ ಅಂಗಡಿಗೆ ಹೋದೆ. ಅಂಗಡಿಯವ ನಾನೇ ಹೊಲಿಯುತ್ತೇನೆ ಅಂದದ್ದಕ್ಕೆ ನಕ್ಕು, "ಹಂಗಾರ ಕುಂದರ್ರಿ ಮಾಸ್ತರ್ರ, ಬೆರಳ ಕಾಯ್ಕೋರಿ" ಅಂತ ಮಷಿನ್ ಬಿಟ್ಟುಕೊಟ್ಟ. ಪಟ್ಟಿಯ ತುದಿಗೆ ಒಂದು ಚೌಕ ಹೊಲಿದು, ಅದರೊಳಗೆ ಗುಣಾಕಾರದ ಚಿಹ್ನೆಯಂತೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಎಳೆತ ಯಾವ ದಿಕ್ಕಿನಿಂದ ಬಂದರೂ ಯಾವುದೋ ಒಂದು ಗೆರೆ ಅದನ್ನು ತಡೆಯುತ್ತದೆ. ಚೀಲ ಮಾಡುವವರಿಗೆ ಇದಕ್ಕಿಂತ ದೊಡ್ಡ ರಹಸ್ಯ ಏನೂ ಬೇಕಿಲ್ಲ.

ಇನ್ನು ಬಾಯಿ. ಜಿಪ್ ಹಾಕಿದರೆ ಮಳೆ ನುಗ್ಗುತ್ತದೆ, ಧೂಳಿಗೆ ರನ್ನರ್ ಕೆಡುತ್ತದೆ. ಅದಕ್ಕೆ ಚೀಲದ ಬಾಯನ್ನು ಎತ್ತರಕ್ಕೆ ಬಿಟ್ಟು, ಮೇಲಿನಿಂದ ಸುತ್ತುತ್ತ ಬಂದು ಎರಡೂ ತುದಿಯ ಬಕಲ್ ಕೂಡಿಸುವುದು. ಸುತ್ತು ಕನಿಷ್ಠ ಮೂರು ಬೀಳಬೇಕು. ಎರಡೇ ಬಿದ್ದರೆ ಜಡಿಮಳೆಗೆ ನೀರು ಒಳಗೆ ಇಳಿಯುತ್ತದೆ. ಒಂದು ಮಡಿಕೆಗೆ ಐದು ಸೆಂಟಿಮೀಟರ್, ಮೂರಕ್ಕೆ ಹದಿನೈದು. ಹಾಗಾಗಿ ಚೀಲದ ಎತ್ತರ 45 ಬೇಕಾದರೆ ಬಟ್ಟೆ 60 ಕತ್ತರಿಸಬೇಕು, ಹೊಲಿಗೆಯ ಅಂಚು ಬೇರೆ. 45 ಎತ್ತರ, 30 ಅಗಲ, 15 ದಪ್ಪ: ಒಂದು ಚೀಲಕ್ಕೆ ಇಪ್ಪತ್ತು ಲೀಟರಿನ ಆಸುಪಾಸು. ಜೋಡಿಗೆ ನಲವತ್ತು.

ನಲವತ್ತು ಲೀಟರ್ ಅಂತ ಬರೆದೆ, ಆದರೆ ಮೆತ್ತನೆಯ ಚೀಲಕ್ಕೆ ಲೀಟರು ಅನ್ನುವುದು ಹೇಳಿಕೆಯ ಮಾತು. ತಗಡಿನ ಪೆಟ್ಟಿಗೆ ಸಾಕು ಅಂದರೆ ಸಾಕು, ಮುಚ್ಚಳ ಕೂಡುವುದಿಲ್ಲ. ಬಟ್ಟೆಯ ಚೀಲ ಹಾಗಲ್ಲ. ತುರುಕಿದಷ್ಟು ಹೊಟ್ಟೆ ಬಿಡುತ್ತದೆ, ಇನ್ನೊಂದು ಸ್ವೆಟರ್ ಹಿಡಿಯುತ್ತದೆ, ಅದರ ಮೇಲೆ ಒಂದು ಚುರುಮುರಿ ಪೊಟ್ಟಣ. ಅದನ್ನು ತಡೆಯುವುದು ಆ ಮೂರು ಮಡಿಕೆ. ತುರುಕುತ್ತ ಹೋದರೆ ಮಡಿಕೆ ಎರಡಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಮಳೆಗೂ ನನಗೂ ಬಿಟ್ಟದ್ದು. ಬಾಯಿಯ ಒಳಅಂಚಿಗೆ ಕೆಂಪು ದಾರದ ಒಂದು ಗೆರೆ ಹೊಲಿದಿದ್ದೇನೆ, ಸಾಮಾನು ಅದನ್ನು ಮುಟ್ಟಿದರೆ ಏನೋ ಒಂದು ಹೊರಗೆ ಬರಬೇಕು.

ಆ ಗೆರೆಗೆ ನಮ್ಮ ಮನೆಯಲ್ಲಿ ಹಳೆಯ ಹೆಸರಿದೆ. ಶ್ರಾವಕರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಗಳಿಗೆ ಪೂರ್ತಿ ತ್ಯಾಗ. ಮನೆವಂದಿಗರಾದ ನಮಗೆ ಮಿತಿ. ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯ, ಬಟ್ಟೆ, ಪಾತ್ರೆ, ಇಂತಿಂಥದ್ದು ಇಷ್ಟಿಷ್ಟು, ಇದರ ಮೇಲೆ ಬೇಡ ಅಂತ ಮೊದಲೇ ಗೆರೆ ಎಳೆದುಕೊಳ್ಳುವುದು. ನಮ್ಮಪ್ಪ ಒಂದು ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಈ ವ್ರತ ತಗೊಂಡು, ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟಿದ್ದ. ಎತ್ತು ಎರಡು. ಎಮ್ಮೆ ಒಂದು. ಧೋತರ ನಾಲ್ಕು. ಕೊಡೆ ಒಂದು. ನಾನು ನೌಕರಿ ಸೇರಿದ ವರ್ಷ ಅವನಿಗೆ ಹೊಸ ಧೋತರ ತಂದರೆ, ಅದನ್ನು ಉಡುವ ಮೊದಲು ಹಳೆಯದೊಂದನ್ನು ಆಳಿಗೆ ಕೊಟ್ಟು ಬಂದ. ನನಗೆ ಆಗ ಸಿಟ್ಟು ಬಂದಿತ್ತು, ಉಡುಗೊರೆಯಲ್ಲೂ ಲೆಕ್ಕವೇ ಅಂತ.

ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ' 150 ಶ್ಲೋಕದ ಸಣ್ಣ ಪುಸ್ತಕ. ವ್ರತಗಳು ಎಲ್ಲೆಲ್ಲಿ ಸೋರುತ್ತವೆ ಅನ್ನುವುದನ್ನು ಅದರಲ್ಲಿ ಲೆಕ್ಕ ಹಾಕಿದ್ದಾರೆ. ಪರಿಗ್ರಹ ಪರಿಮಾಣ ಸೋರುವ ಐದು ಜಾಗಗಳಲ್ಲಿ ಅತಿಸಂಗ್ರಹ, ಲೋಭ ಇರುವುದು ಯಾರೂ ಊಹಿಸುವಂಥದ್ದೇ. ಉಳಿದವು ನನ್ನನ್ನು ಹಿಡಿದು ನಿಲ್ಲಿಸಿದವು. ದನಗಳನ್ನು ಅವುಗಳ ಶಕ್ತಿ ಮೀರಿ ಓಡಿಸುವುದು ಒಂದು, ಶಕ್ತಿ ಮೀರಿ ಅವುಗಳ ಮೇಲೆ ಹೇರುವುದು ಇನ್ನೊಂದು. ತತ್ತ್ವಾರ್ಥಸೂತ್ರದಲ್ಲಿ ಅತಿಭಾರ ಹೇರುವುದು ಅಹಿಂಸೆಯ ಲೆಕ್ಕಕ್ಕೆ ಬರುತ್ತದೆ, ಬರಬೇಕಾದ್ದೇ. ಆಸ್ತಿಯ ಮಿತಿಯ ಲೆಕ್ಕಕ್ಕೂ ಅದನ್ನು ತಂದವರು ಸಮಂತಭದ್ರರು. ಯಾಕೆ ಅಂತ ಚಿಕ್ಕೋಡಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ದಾರಿಗೆ ನಿಂತರೆ ಕಾಣುತ್ತದೆ: ಗಾಡಿಯ ತುಂಬ ಆಳೆತ್ತರ ಕಬ್ಬು, ನೊಗದ ಕೆಳಗೆ ಎತ್ತಿನ ಕುತ್ತಿಗೆ, ಏರು ಬಂದಲ್ಲಿ ಮೊಣಕಾಲೂರುವ ಎತ್ತು. ಬಾಡಿಗೆ ಟನ್ನಿನ ಲೆಕ್ಕದಲ್ಲಿ. ನಾಲ್ಕು ಹೊರೆ ಹೆಚ್ಚಿಗೆ ಹೇರಿದರೆ ನಾಲ್ಕು ರೂಪಾಯಿ ಹೆಚ್ಚು. ನಮ್ಮಪ್ಪ ಕಡಿಮೆ ಹೇರಿ ಒಂದು ಖೇಪು ಹೆಚ್ಚಿಗೆ ಹೊಡೆಯುತ್ತಿದ್ದ, ಕಾರ್ಖಾನೆಯ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಉಳಿದು ಮಂದಿಯ ಕಡೆ ನಗಿಸಿಕೊಳ್ಳುತ್ತಿದ್ದ.

ಸ್ಪ್ಲೆಂಡರಿಗೆ ಕುತ್ತಿಗೆ ಇಲ್ಲ, ನೋವೂ ಇಲ್ಲ. ನೂರು ಸಿಸಿಯೂ ತುಂಬದ ಎಂಜಿನ್ನು ಘಾಟಿನಲ್ಲಿ ಎರಡನೇ ಗೇರಿಗೆ ಇಳಿದು ಉಬ್ಬಸಪಟ್ಟರೆ ಅದು ಹಿಂಸೆ ಅಲ್ಲ ಅಂತ ನನಗೂ ಗೊತ್ತು. ಆದರೂ ಚೋರ್ಲಾ ಘಾಟಿನ ಏರಿನಲ್ಲಿ ಹಿಂದಿನ ಶಾಕ್‌ಅಬ್ಸಾರ್ಬರ್ ತಳ ಮುಟ್ಟಿ ಕಟ್ ಅಂದಾಗ, ಇದು ನಮ್ಮಪ್ಪ ಹೇರಿದ ಹೊರೆ ಅಲ್ಲ ಅನ್ನಿಸಿತು.

ಐದರಲ್ಲಿ ಉಳಿದದ್ದು ವಿಸ್ಮಯ. ಪರರ ಲಾಭ ನೋಡಿ ಬೆರಗಾಗಿ ಒಳಗೊಳಗೆ ಕುದಿಯುವುದು. ಗೋವಾದ ದಾರಿಯ ಚಹಾದಂಗಡಿಯ ಮುಂದೆ ದೊಡ್ಡ ಗಾಡಿಗಳು ಬಂದು ನಿಂತಾಗ ನನ್ನ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ನನ್ನ ಹೆಂಡತಿಗೆ ಗೊತ್ತು. ಗಾಡಿಯ ಎಂಜಿನ್ನಿಗಲ್ಲ, ಅವರ ಬಕಲ್ಲುಗಳಿಗೆ.

ಈಗ ಜಗಳಕ್ಕೆ ಬರೋಣ. ಕೈಯಿಂದ ಮಾಡಿದ್ದನ್ನು ಬಳಸಿದರೆ ಆಸೆ ಕಡಿಮೆಯಾಗುತ್ತದೆ, ಬದುಕು ಹಗುರಾಗುತ್ತದೆ ಅಂತ ಒಂದು ನಂಬಿಕೆ ಇದೆ. ಒಳ್ಳೆಯವರು ಬಹಳ ಮಂದಿ ಹೀಗೆ ಹೇಳಿದ್ದಾರೆ. ನನ್ನ ಅನುಭವ ತಿರುವುಮುರುವು. ಕೊಂಡ ಚೀಲ ಹರಿದರೆ ನಷ್ಟ ಅಷ್ಟೆ. ಈ ಚೀಲದ ಮೇಲೆ ಪೆಟ್ರೋಲ್ ಪಂಪಿನಲ್ಲಿ ಒಬ್ಬ ಕಾಲಿಟ್ಟು ಬೂಟಿನ ಲೇಸ್ ಕಟ್ಟಿಕೊಂಡಾಗ ನನಗೆ ಬಂದ ಸಿಟ್ಟು, ಗಾಡಿಗೆ ಗುದ್ದಿದ್ದರೂ ಬರುತ್ತಿರಲಿಲ್ಲ. ಯಾವ ಹೊಲಿಗೆಗೆ ಎಷ್ಟು ಸಲ ದಾರ ಕಡಿಯಿತು, ಯಾವ ಮೂಲೆಯನ್ನು ಬಿಚ್ಚಿ ಮತ್ತೆ ಹೊಲಿದೆವು, ಎಲ್ಲ ಕಣ್ಣ ಮುಂದೆ ಬಂತು. ದುಡ್ಡು ಕೊಟ್ಟು ತಂದದ್ದು ನನ್ನದು. ಕೂತು ಹೊಲಿದದ್ದು ನಾನೇ. ಮಮಕಾರ ಒಂದು ಮೆಟ್ಟಿಲು ಮೇಲೇರಿ ಅಹಂಕಾರವೇ ಆಯಿತು. ಜೈನರು ಹೊರಗಿನ ಪರಿಗ್ರಹ ಹತ್ತು, ಒಳಗಿನವು ಹದಿನಾಲ್ಕು ಅಂತ ಎಣಿಸುತ್ತಾರೆ. ಒಳಗಿನ ಪಟ್ಟಿಯಲ್ಲಿ ಕ್ರೋಧ, ಮಾನ, ಮಾಯೆ, ಲೋಭ ಸಾಲಾಗಿ ನಿಂತಿವೆ. ಕ್ಯಾನ್ವಾಸಿನ ಚೀಲ ಹೊರಗಿನ ಪಟ್ಟಿಯಲ್ಲಿ ಒಂದು ಸಣ್ಣ ಕಲಮು. ಒಳಗಿನ ಪಟ್ಟಿಯಲ್ಲಿ ಅದು ಕನಿಷ್ಠ ಎರಡು ಕಡೆ ಸಹಿ ಹಾಕಿದೆ.

ಹಾಗಾದರೆ ಪರಿಗ್ರಹ ಮನಸ್ಸಿನದೇ ಆಯಿತಲ್ಲ ಅಂತ ನೀವು ಕೇಳಬಹುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದೂ ಹಾಗೆಯೇ: ಪರಿಗ್ರಹ ಅಂದರೆ ಮೂರ್ಛೆ, ವಸ್ತುವಿನ ಮೇಲೆ ಮನಸ್ಸು ಎಚ್ಚರ ತಪ್ಪಿ ಬೀಳುವುದು. ದಿಗಂಬರರೂ ಶ್ವೇತಾಂಬರರೂ ಒಪ್ಪಿದ ಗ್ರಂಥ ಅದು. ಅಲ್ಲಿಂದ ಮುಂದೆ ದಾರಿ ಕವಲಾಯಿತು. ಶ್ವೇತಾಂಬರ ಆಚಾರ್ಯರು, ಮೂರ್ಛೆ ಇಲ್ಲದೆ ಉಟ್ಟ ಬಿಳಿ ಬಟ್ಟೆ ಪರಿಗ್ರಹ ಆಗುವುದಿಲ್ಲ, ನೀವು ಹಿಡಿದ ನವಿಲುಗರಿಯ ಪಿಂಛಿ ಆಗದಿದ್ದರೆ ನಮ್ಮ ಬಟ್ಟೆ ಹೇಗೆ ಆದೀತು ಅಂದರು. ದಿಗಂಬರ ಆಚಾರ್ಯರ ಉತ್ತರ ಸಂಸಾರಿಗಳು ಕೊಡುವ ಉತ್ತರದ ಹಾಗಿದೆ. ಬಟ್ಟೆ ಇದ್ದರೆ ಒಗೆಯಬೇಕು, ಒಣಗಿಸಬೇಕು, ಒಗೆಯುವಾಗ ಹೇನು ಹುಳ ಸಾಯುತ್ತವೆ, ಹರಿದರೆ ಇನ್ನೊಬ್ಬರ ಹತ್ತಿರ ಬೇಡಬೇಕು, ಕಳುವಾಗುತ್ತದೆ ಅಂತ ಅಂಜಬೇಕು. ಇಷ್ಟೆಲ್ಲ ಮಾಡುತ್ತ ಮನಸ್ಸು ಮಾತ್ರ ಅಂಟಿಲ್ಲ ಅಂದರೆ ಯಾರು ನಂಬಬೇಕು?

ಡೇರೆ ಕಟ್ಟಿಕೊಂಡು ಹೋಗುವವರು ಈ ವಾದವನ್ನು ಓದದೆಯೂ ಬಲ್ಲರು. ಒಲೆ ಒಯ್ದರೆ ಗ್ಯಾಸಿನ ಡಬ್ಬಿ ಬೇಕು, ಡಬ್ಬಿಗೆ ಗಾಳಿತಡೆ, ಗಾಳಿತಡೆಗೆ ಒರೆ. ಪಾತ್ರೆ ಬಂದ ಮೇಲೆ ತಿಕ್ಕಲು ಬ್ರಷ್ಷು, ತಿಕ್ಕಿದ್ದನ್ನು ಒರೆಸಲು ಬಟ್ಟೆ, ಒದ್ದೆ ಬಟ್ಟೆಗೆ ಬೇರೆ ಚೀಲ. ಸನ್ಯಾಸಿಯ ಕೌಪೀನದ ಕಥೆ ಎಲ್ಲರಿಗೂ ಬಾಯಿಪಾಠ, ನಾನು ಮತ್ತೆ ಹೇಳುವುದಿಲ್ಲ. ಆದರೆ ಒಂದು ಮಾತು. ಮೂರ್ಛೆಯೇ ಪರಿಗ್ರಹ ಅನ್ನುವ ಸೂತ್ರವನ್ನು ನನ್ನ ಎದುರಿಗೆ ಅತಿ ಹೆಚ್ಚು ಸಲ ಉದಾಹರಿಸಿದವರು, ಮನೆಯಲ್ಲಿ ಅತಿ ಹೆಚ್ಚು ಸಾಮಾನು ಇಟ್ಟುಕೊಂಡವರು. "ನನಗ ಯಾವದರ ಮ್ಯಾಲೂ ಆಸಿ ಇಲ್ಲ ಮಾಸ್ತರ್ರ, ಅವು ತಾವ ಬರ್ತಾವು" ಅಂತ ನಮ್ಮ ಬಳಗದ ಒಬ್ಬ ವ್ಯಾಪಾರಸ್ಥರು ಮೂರನೇ ಕಾರಿನಲ್ಲಿ ಕೂತು ಹೇಳಿದ್ದರು. ಆ ಮಾತು ಸುಳ್ಳು ಅಂತ ನಾನು ಸಾಧಿಸಲಾರೆ. ಮೂರ್ಛೆಯನ್ನು ಅಳೆಯುವ ಮಾಪು ಯಾರ ಹತ್ತಿರವೂ ಇಲ್ಲ, ಅವರ ಹತ್ತಿರವೂ. ಕೆಂಪು ದಾರದ ಗೆರೆಯನ್ನು ಸಾಮಾನು ಮುಟ್ಟಿತೋ ಇಲ್ಲವೋ ಅಂತ ಯಾರು ಬೇಕಾದರೂ ನೋಡಬಹುದು.

ಮನಸ್ಸಿನ ಪಕ್ಷದವರಿಗೆ ಒಬ್ಬ ದೊಡ್ಡ ಸಾಕ್ಷಿ ಇದ್ದಾನೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬಾಹುಬಲಿ. ನಮ್ಮ ಊರಿಗೆ ಹತ್ತಿರದ ಕುಂಭೋಜದಲ್ಲಿ 28 ಅಡಿ, ಕಾರ್ಕಳದಲ್ಲಿ 1432ರಿಂದ, ಶ್ರವಣಬೆಳಗೊಳದಲ್ಲಿ ಅದಕ್ಕೂ ನಾನೂರೈವತ್ತು ವರ್ಷ ಮೊದಲಿನಿಂದ, ಮೈಮೇಲೆ ಬಳ್ಳಿ ಬಿಟ್ಟರೆ ಎಳೆ ದಾರವೂ ಇಲ್ಲದೆ ನಿಂತಿದ್ದಾನೆ. ಗೆದ್ದ ರಾಜ್ಯವನ್ನೇ ಅಣ್ಣನಿಗೆ ಬಿಟ್ಟು ಬಂದವನು, ಒಂದು ವರ್ಷ ಅಲ್ಲಾಡದೆ ನಿಂತವನು. ಆದರೂ ಕೇವಲಜ್ಞಾನ ಬರಲಿಲ್ಲ. ತಾನು ನಿಂತ ನೆಲ ಭರತನದಲ್ಲವೆ ಅನ್ನುವ ಮುಳ್ಳು ಒಳಗೆ ಉಳಿದಿತ್ತು ಅಂತ ನಮ್ಮ ಕಡೆ ಕಥೆ ಹೇಳುತ್ತಾರೆ. ಎರಡು ಪಾದದಷ್ಟು ನೆಲ, ಅದೂ ಇನ್ನೊಬ್ಬನದು. ಒಪ್ಪಿದೆ. ಎಲ್ಲವನ್ನೂ ಕಳಚಿದವನಿಗೆ ಮನಸ್ಸಿನ ಲೆಕ್ಕ ಉಳಿಯುತ್ತದೆ. ಆದರೆ ಅದು ಎಲ್ಲವನ್ನೂ ಕಳಚಿದ ಮೇಲಿನ ಪಾಠ. ಸ್ವೆಟರ್ ಎರಡೋ ಮೂರೋ ಅಂತ ಚಡಪಡಿಸುವವನಿಗೆ ಅದನ್ನು ಮೊದಲೇ ಕೊಟ್ಟರೆ ಅವನು ಮೂರನ್ನೂ ಒಯ್ಯುತ್ತಾನೆ.

ಇಷ್ಟು ವಾದ ಕಟ್ಟಿ, ವಸ್ತುವಿಗೇ ಗೆರೆ ಎಳೆಯಬೇಕು ಅನ್ನುವ ನಮ್ಮ ಹಿರಿಯರ ಮಾತೇ ಗಟ್ಟಿ ಅಂತ ಊಟದ ಹೊತ್ತಿಗೆ ಹೆಂಡತಿಯ ಮುಂದೆ ಬಡಿಸಿದೆ. ಅವಳು ಬಲಗಡೆಯ ಚೀಲಕ್ಕೆ ಒಳಜೇಬು ಹೊಲಿಯುತ್ತಿದ್ದಳು, ಕಡಕ್ ರೊಟ್ಟಿಗಾಗಿ. ಮೆತ್ತನೆಯ ಚೀಲದಲ್ಲಿ ಕಡಕ್ ರೊಟ್ಟಿ ಮೂವತ್ತು ಕಿಲೋಮೀಟರಿಗೆ ಪುಡಿಯಾಗುತ್ತದೆ. ಎರಡು ಸ್ಟೀಲ್ ತಾಟುಗಳ ನಡುವೆ ಇಟ್ಟು ಆ ತಾಟುಗಳನ್ನು ನೆಟ್ಟಗೆ ನಿಲ್ಲಿಸುವ ಜೇಬು ಅವಳ ಕಲ್ಪನೆ. ಸೂಜಿ ನಿಲ್ಲಿಸದೆ ಕೇಳಿದಳು: "ಬಟ್ಟಿ ಅಂದ್ರ ಪರಿಗ್ರಹ. ಬಟ್ಟಿ ಬಿಡದ ಮೋಕ್ಷ ಇಲ್ಲ. ಹೆಣ್ಮಕ್ಕಳು ಬಟ್ಟಿ ಬಿಡೂಹಂಗಿಲ್ಲ. ಅದಕ್ಕ ಹೆಣ್ಮಕ್ಕಳಿಗೆ ಮೋಕ್ಷ ಇಲ್ಲ, ಮೊದಲ ಗಂಡಸಾಗಿ ಹುಟ್ಟಿ ಬರಬೇಕು. ಇದ ಅಲ್ಲೇನ್ರೀ ನಿಮ್ಮ ಗೆರಿ? ಮತ್ತ ನಾ ಯಾಕ ನಿಮ್ಮ ಬ್ಯಾಗ್ ಹೊಲೀಬೇಕು?"

ತಮಾಷೆಯ ಮಾತಾಗಿರಲಿಲ್ಲ. ಅವಳ ಸೋದರತ್ತೆ ಆರ್ಯಿಕೆಯಾಗಿ ದೀಕ್ಷೆ ತಗೊಂಡವರು, ಒಂದೇ ಬಿಳಿ ಸೀರೆ, ಕೈಯಲ್ಲಿ ಪಿಂಛಿ, ಬರಿಗಾಲಿನ ನಡಿಗೆ, ಮುನಿಗಳ ಹಾಗೆಯೇ ತಲೆಗೂದಲನ್ನು ಕೈಯಿಂದ ಕೀಳುವ ಕೇಶಲೋಚ. ಆ ಒಂದು ಸೀರೆಯ ಕಾರಣಕ್ಕೆ ಶಾಸ್ತ್ರ ಅವರನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿತು. ಅಳೆಯಲು ಬರುವುದನ್ನೇ ನಂಬಬೇಕು ಅಂತ ನಾನು ಹೆಮ್ಮೆಯಿಂದ ಹೇಳಿದ ತರ್ಕವನ್ನು ಕೊನೆಯತನಕ ಎಳೆದರೆ ಅದು ಬಂದು ನಿಲ್ಲುವುದು ಈ ಸೀರೆಯ ಸೆರಗಿನಲ್ಲಿ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಹುಡುಕಿಕೊಂಡೇ ಹಲಸಿಗೆ ಹೋದೆ ಅಂದರೆ ಸುಳ್ಳಾದೀತು. ಖಾನಾಪುರದ ಕಡೆ ಮಳೆಗಾಲ ಮುಗಿದ ಮೇಲಿನ ಹಸಿರು ನೋಡುವ ಆಸೆಯೂ ಇತ್ತು. ಹಲಸಿ ಕದಂಬರ ಪಲಾಸಿಕಾ. ಈಗ ಹೆಚ್ಚಿನವರು ಬರುವುದು ಭೂವರಾಹ ನರಸಿಂಹ ಗುಡಿ ನೋಡಲು. ಅಲ್ಲಿ ದೊರೆತ ತಾಮ್ರಪಟಗಳಲ್ಲಿ, ಐದನೇ ಶತಮಾನದ ಕದಂಬ ದೊರೆ ಮೃಗೇಶವರ್ಮ ಒಂದು ಜಿನಾಲಯ ಕಟ್ಟಿಸಿ ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಅನ್ನುವ ಮೂರು ಪಂಗಡದವರಿಗೆ ಭೂಮಿ ಬಿಟ್ಟ ಸಂಗತಿ ಇದೆ. ಮೂರು ಬೇರೆ ಬೇರೆ ಪಂಗಡಕ್ಕೆ ಒಂದೇ ದಾನ. ಈ ಯಾಪನೀಯರು ನಮ್ಮ ಕರ್ನಾಟಕದಲ್ಲೇ ಬೆಳೆದು ಕ್ರಮೇಣ ಅಳಿಸಿಹೋದವರು. ಅವರ ಮುನಿಗಳು ದಿಗಂಬರರ ಹಾಗೆ ಬತ್ತಲೆ ಇದ್ದರು, ಪಿಂಛಿ ಹಿಡಿಯುತ್ತಿದ್ದರು. ಆದರೆ ಹೆಂಗಸರಿಗೂ ಇದೇ ಜನ್ಮದಲ್ಲಿ ಮೋಕ್ಷ ಉಂಟು ಅಂತ ಒಪ್ಪಿದ್ದರು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ವ್ಯಾಕರಣಕಾರ ಶಾಕಟಾಯನ ಯಾಪನೀಯನೇ. 'ಸ್ತ್ರೀಮುಕ್ತಿ ಪ್ರಕರಣ' ಅಂತ ಬೇರೆಯೇ ಒಂದು ಗ್ರಂಥ ಬರೆದು ಈ ವಾದವನ್ನು ಕಟ್ಟಿಕೊಟ್ಟ.

ಊರ ಹೊರಗಿನ ಹೊಲದಲ್ಲಿ, ಅದರ ಒಡೆಯನ ಒಪ್ಪಿಗೆ ಪಡೆದು ಡೇರೆ ಹೊಡೆದು, ಹೊತ್ತು ಮುಳುಗುವ ಮುಂಚೆ ಪುಡಿಯಾಗದ ರೊಟ್ಟಿ ತಿಂದು ಅದನ್ನೇ ಯೋಚಿಸಿದೆ. ಯಾಪನೀಯರು ಗೆರೆಯನ್ನು ಅಳಿಸಲಿಲ್ಲ. ತಾವು ಬತ್ತಲೆ ನಿಂತರು, ತಮಗೆ ಅತಿ ಕಟ್ಟುನಿಟ್ಟಿನ ಅಳತೆಯನ್ನೇ ಹಾಕಿಕೊಂಡರು. ಆ ಅಳತೆಯನ್ನು ಇನ್ನೊಬ್ಬರ ಮೈಗೆ ಹಿಡಿದು ನಿನಗೆ ಮೋಕ್ಷ ಇಲ್ಲ ಅನ್ನಲಿಲ್ಲ, ಅಷ್ಟೆ. ಎರಡೂ ಒಟ್ಟಿಗೆ ಸಾಧ್ಯ ಅನ್ನುವುದು ನನ್ನಂಥ ಗಣಿತದವನಿಗೆ ತಟ್ಟನೆ ಹೊಳೆಯುವುದಿಲ್ಲ. ಐವರು ಮಕ್ಕಳಿಗೆ ಒಂದೇ ಸ್ಕೇಲು ಕೊಟ್ಟು ರೂಢಿ.

ವಾಪಸು ಬರುವಾಗ ನಿಪ್ಪಾಣಿ ದಾಟಿದ ಮೇಲೆ ಮುನಿಸಂಘವೊಂದು ಊರಿಂದೂರಿಗೆ ನಡೆದು ಹೋಗುವ ವಿಹಾರದಲ್ಲಿ ಸಿಕ್ಕಿತು. ನಮ್ಮ ಸೀಮೆಗೆ ಇದು ಹೊಸ ನೋಟವಲ್ಲ. ಇಪ್ಪತ್ತನೇ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ತುಂಬಿದ ಆಚಾರ್ಯ ಶಾಂತಿಸಾಗರರು 1872ರಲ್ಲಿ ಹುಟ್ಟಿದ್ದು ಇಲ್ಲಿನ ಭೋಜ ಗ್ರಾಮದ ಮಗ್ಗುಲಲ್ಲಿ. 2024ರಲ್ಲಿ ಡೊಂಗರಗಢದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಆಚಾರ್ಯ ವಿದ್ಯಾಸಾಗರರು ಸದಲಗಾದವರು. ಗಾಡಿ ಬದಿಗೆ ಹಾಕಿ ಇಳಿದು ನಿಂತೆ. ಮುಂದೆ ಬರಿಗಾಲಿನ ಮುನಿಗಳು, ಪಿಂಛಿ, ಕಮಂಡಲು. ಹಿಂದೆ ಸ್ವಲ್ಪ ದೂರದಲ್ಲಿ ಒಂದು ಟೆಂಪೋ: ಅಡುಗೆಯ ಪಾತ್ರೆಗಳು, ಗ್ಯಾಸಿನ ಸಿಲಿಂಡರು, ಹಲಗೆಗಳು, ಶಾಮಿಯಾನದ ಬಟ್ಟೆ. ಕಮಂಡಲುವಿನೊಳಗಿನ ನೀರನ್ನೂ ಶ್ರಾವಕರೇ ಕಾಯಿಸಿ ತುಂಬಿಸಬೇಕು. ಇದನ್ನು ನೋಡಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ, ಆದರೆ ಟೆಂಪೋ ಕಾಣುವುದಿಲ್ಲ ಅಂತಲೂ ಅನ್ನಲಾರೆ. ಒಬ್ಬ ಪೂರ್ತಿ ಬಿಡಬೇಕಾದರೆ ಇನ್ನೊಬ್ಬ ಸ್ವಲ್ಪ ಇಟ್ಟುಕೊಂಡಿರಬೇಕು. ಶ್ರಾವಕನಿಗೆ ತ್ಯಾಗ ಹೇಳದೆ ಪರಿಮಾಣ ಹೇಳಿದ್ದರಲ್ಲಿ ಈ ಲೆಕ್ಕವೂ ಸೇರಿರಬೇಕು. ಭಾರ ಎಲ್ಲಿಗೂ ಹೋಗಿರುವುದಿಲ್ಲ, ಯಾರೋ ಒಬ್ಬರು ಅಳತೆಯಲ್ಲಿ ಹೊತ್ತಿರುತ್ತಾರೆ.

ಈ ದೀಪಾವಳಿ ರಜೆಗೆ ಹೆಂಡತಿಯೂ ಬರುತ್ತಾಳೆ. ಕಾರ್ಕಳ, ವೇಣೂರು, ಹಾಗೇ ಮೂಡಬಿದಿರೆ. ಸ್ಪ್ಲೆಂಡರಿನ ಮೇಲೆ ಇಬ್ಬರು, ಡೇರೆ ಒಂದು, ಚೀಲ ಅವೇ ಎರಡು. ಮೂರನೆಯದನ್ನು ಸೀಟಿನ ಹಿಂದೆ ಅಡ್ಡ ಕಟ್ಟುವ ಯೋಚನೆ ನನ್ನದಿತ್ತು, ಕ್ಯಾನ್ವಾಸೂ ಉಳಿದಿದೆ. ಅವಳೇ ಬೇಡ ಅಂದಳು. ಎಡಗಡೆಯದು ಅವಳಿಗೆ, ಸೈಲೆನ್ಸರ್ ಬದಿಯದು ನನಗೆ. ಅವಳ ಸೀರೆ ಎಷ್ಟು, ಚೂಡಿದಾರ ಎಷ್ಟು, ಅದಕ್ಕೆ ನಾನು ಒಂದು ಪಟ್ಟಿ ಮಾಡಿಕೊಡಲೇ ಅಂತ ಕೇಳಿದ್ದಕ್ಕೆ ಕಾಲ್ಮಷಿನ್ನಿನ ಕಡೆಯಿಂದ ಉತ್ತರ ಬರಲಿಲ್ಲ. ವ್ರತ ಅವರವರೇ ತಗೊಳ್ಳುವಂಥದ್ದು. ನಮ್ಮಪ್ಪ ಅವ್ವನ ಸೀರೆಗಳನ್ನು ಡೈರಿಯಲ್ಲಿ ಬರೆದಿರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು.

ನಿನ್ನೆ ಅವಳು ತನ್ನ ಚೀಲ ತುಂಬಿ ನೋಡಿದಳು. ಮಡಿಕೆ ಸಲೀಸಾಗಿ ನಾಲ್ಕು ಬಿತ್ತು. ನನ್ನದು ಎರಡೂವರೆ. ಆಮೇಲೆ ಎತ್ತಿ ನೋಡಿದರೆ ಅವಳದೇ ಎರಡು ಪಟ್ಟು ಭಾರ, ಒಳಗೆ ಕಬ್ಬಿಣದ ಹಂಚು ಇದೆ. ಬಿಸಿ ರೊಟ್ಟಿ ಬೇಕಾದರೆ ಹಂಚು ಬೇಕು ಅಂದಳು. ಲೀಟರಿನಲ್ಲಿ ಅಳೆದವನು ನಾನು, ಕಿಲೋ ನನ್ನ ಲೆಕ್ಕದಲ್ಲಿ ಇರಲಿಲ್ಲ. ಈಗ ಎಡಕ್ಕೂ ಬಲಕ್ಕೂ ತೂಕ ಸರಿದೂಗಿಸಲು ನನ್ನ ಚೀಲದಲ್ಲಿ ಏನಾದರೂ ಭಾರದ್ದು ಹಾಕಬೇಕು, ಇಲ್ಲವೇ ಹಂಚನ್ನು ನಾನು ಹೊರಬೇಕು, ಅದಕ್ಕಾಗಿ ನನ್ನ ಮೂರನೇ ಸ್ವೆಟರ್ ಇಳಿಯಬೇಕು. ಇಳಿಸಿದ್ದೇನೆ. ಆಗುಂಬೆಯ ಚಳಿಯಲ್ಲಿ ಮೂರ್ಛೆಯ ವಿಷಯ ಮತ್ತೆ ಮಾತಾಡೋಣ ಅಂದಿದ್ದಾಳೆ.